ಆಲದ ಮರದ ಸುಣ್ಣದಜ್ಜಂದಿರು

“ಮುಟ್ಟಬೇಡ ಕಣಪ್ಪ. ಅವು ಕುಡಿಕೆ ಅಲ್ಲ, ನಮ್ಮ ಅಜ್ಜಂದಿರು,” ಎಂದಳು ಥಾಮ್ ಅಜ್ಜಿ.

ದ್ವಾನ್ ಖಾಯ್ ತಲೆಯೆತ್ತಿ ಆಲದ ಮರವನ್ನು ನೋಡಿದ. ಬಿಳಲುಗಳ ನಡುವೆ ಹಳೆಯ ಸುಣ್ಣದ ಕುಡಿಕೆಗಳು ಹಗ್ಗದಲ್ಲಿ ತೂಗುತ್ತಿದ್ದವು. ಎಲೆಯಡಿಕೆಗೆ ಸುಣ್ಣ ತೆಗೆದು ತೆಗೆದು, ಕಡ್ಡಿ ಒರೆಸಿ ಒರೆಸಿ, ಕುಡಿಕೆಯ ಬಾಯಿಗೆ ಸುಣ್ಣ ಕಟ್ಟುತ್ತಾ ಬರುತ್ತದೆ. ಒಂದು ದಿನ ಬಾಯಿ ಪೂರ್ತಿ ಮುಚ್ಚಿಹೋಗುತ್ತದೆ. ಅವತ್ತಿನಿಂದ ಅದು ಪಾತ್ರೆಯಲ್ಲ, ಮನೆಯ ಹಿರಿಯ. ಎಸೆಯುವ ಹಾಗಿಲ್ಲ, ಒಡೆಯುವ ಹಾಗಂತೂ ಇಲ್ಲವೇ ಇಲ್ಲ. ಕೈಮುಗಿದು ತಂದು ಮರಕ್ಕೆ ಕಟ್ಟಬೇಕು. ಖಾಯ್ ಕಡಲ ಕಡೆಯಿಂದ ಬಂದವನಾದರೂ ಇದನ್ನೆಲ್ಲ ನೋಡಿಯೇ ಬೆಳೆದವನು. ಆದರೆ ಬಡಗಣ ದೇಶದ ಮಿಂಗ್ ದಂಡು ಅವನ ಊರಿಗೆ ಬೆಂಕಿಯಿಟ್ಟ ದಿನವೇ ಹಿರಿಯರ ಮೇಲಿನ ಅವನ ಭಯಭಕ್ತಿಯೂ ಸುಟ್ಟುಹೋಗಿತ್ತು.

“ಬಡಗಿನವರು ಬಂದು ನಿಮ್ಮ ಹುಡುಗರನ್ನ ಎಳ್ಕೊಂಡು ಹೋದ್ರಲ್ಲ ಅಜ್ಜಿ, ಆಗ ಈ ಅಜ್ಜಂದಿರು ಏನ್ ಮಾಡ್ತಿದ್ರು? ಜೋಕಾಲಿ ಆಡ್ತಿದ್ರಾ?”

ಅವನ ಬಂಟರು ಗೊಳ್ಳೆಂದು ನಕ್ಕರು. ಬಲಗೈಯಂತಿದ್ದ ತ್ರುಕ್ ಮಾತ್ರ ನಗಲಿಲ್ಲ.

“ಒಡೆದವನ ಬಾಯಿ ಮುಚ್ಚುತ್ತೆ ಮಗಾ,” ಎಂದಳು ಅಜ್ಜಿ. “ಮರಕ್ಕೆ ಅದರ ಅಜ್ಜ ವಾಪಸ್ ಸಿಗೋವರೆಗೂ ಬಿಡಲ್ಲ.”

“ನನ್ ಬಾಯಿ ಮುಚ್ಚಿಸೋನು ಇನ್ನೂ ಹುಟ್ಟಿಲ್ಲ!”

ಅದು ಬರೀ ಜಂಬವಲ್ಲ. ಅವನು ಹೊಳೆಯ ಈ ದಡದಲ್ಲಿ ಕೂಗಿದರೆ ಆ ದಡದ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಆ ದನಿಯನ್ನು ನಂಬಿಯೇ ಬಡವರು ಕುಡುಗೋಲು ಹಿಡಿದು ಅವನ ಹಿಂದೆ ಬಂದಿದ್ದರು. ಈಗ ಅವನಿಗೆ ಬೇಕಾದದ್ದು ಒಂದೇ, ತಮ್ಮ ಸುಂಗ್. ತಾಯಿ ಸಾಯುವಾಗ ಕೈಗೆ ಕೈ ಇಟ್ಟು ಒಪ್ಪಿಸಿದ ತಮ್ಮ. ಅವನೂ ಈ ಊರಿನ ಹುಡುಗರೂ ಹೊಳೆಯಂಚಿನ ಕೋಟೆಯಲ್ಲಿ ಸೆರೆಯಾಗಿದ್ದರು. ನಾಳೆ ಹಡಗು ಬಂದರೆ ಬಡಗಣ ದೇಶಕ್ಕೆ ಸಾಗಿಸಿಬಿಡುತ್ತಾರೆ. ಅಲ್ಲಿಗೆ ಹೋದವರ ಸುದ್ದಿ ಕೂಡ ತಿರುಗಿ ಬಂದದ್ದಿಲ್ಲ.

ಕೋಟೆಯ ಕಾವಲಿನವರಿಗೆ ಮೈತುಂಬ ಕವಚ. ಬಯಲಾಗಿರುವುದು ಕಣ್ಣು ಮಾತ್ರ. ಕಣ್ಣಿಗೆರಚಲು ಸುಣ್ಣ ಬೇಕು, ಊರಿನ ಸುಣ್ಣದ ಗೂಡನ್ನು ಮಿಂಗ್ ಸಿಪಾಯಿಗಳು ಕೆಡವಿ ಹಾಕಿದ್ದರು. ಉಳಿದದ್ದು ಮರದ ಮೇಲಿನದು.

ಖಾಯ್ ತಾನೇ ಹಗ್ಗ ಕತ್ತರಿಸಿ ಮೊದಲ ಕುಡಿಕೆಯನ್ನು ಕಲ್ಲಿಗೆ ಅಪ್ಪಳಿಸಿದ. ಹೆಣ ಹೂತ ಮಣ್ಣು ಅಗೆದಂಥ ವಾಸನೆ ಗಪ್ಪನೆ ಎದ್ದಿತು. ಒಳಗಿನ ಸುಣ್ಣ ಇನ್ನೂ ಹಸಿಯಾಗಿತ್ತು. ಅವನು ವೀಳ್ಯದೆಲೆಗೆ ಅದನ್ನೇ ಸವರಿ, ಅಡಿಕೆ ಇಟ್ಟು, ಅಜ್ಜಿಯ ಮುಖ ನೋಡುತ್ತಲೇ ಅಗಿದ.

“ಅಜ್ಜ ರುಚಿಯಾಗಿದ್ದಾನೆ ಕಣಜ್ಜಿ!”

ಅಜ್ಜಿ ಕಿವಿ ಮುಚ್ಚಿಕೊಂಡು ಓಡಿದಳು. ಬಂಟರು ಉಳಿದ ಕುಡಿಕೆಗಳನ್ನು ಒಡೆದು, ಸುಣ್ಣವನ್ನು ನೀರಲ್ಲಿ ಕದಡಿ ಪಿಚಕಾರಿಯಂಥ ಬಿದಿರ ಕೊಳವೆಗಳಿಗೆ ತುಂಬಿದರು. ಖಾಯ್ ಅಪ್ಪಣೆ ಕೊಟ್ಟ: “ಬಾಗಿಲು ಬಿದ್ದ ತಕ್ಷಣ ಭತ್ತದ ಕಣಜಕ್ಕೆ ಬೆಂಕಿ ಇಡಿ. ನಮ್ಮವರು ಇರೋದು ಕಾವಲುಮನೇಲಿ, ನಾನು ಬಿಡಿಸ್ಕೊಂಡು ಬರ್ತೀನಿ. ಬಡಗಿನವರು ನಮ್ಮ ಮಾತು ಕಲ್ತಿದ್ದಾರೆ, ‘ನಿಲ್ಸಿ, ನಿಲ್ಸಿ’ ಅಂತ ಸುಳ್ಳೇ ಕೂಗ್ತಾರೆ. ನನ್ನ ದನಿ ಕೇಳದೆ ನಿಲ್ಲಿಸ್ಬೇಡಿ.”

“ನಿನ್ನ ದನಿ ಗುರುತು ಸಿಗದೆ ಇರುತ್ತಾ ಅಣ್ಣ?” ಎಂದ ತ್ರುಕ್.

ಬೆಳಗಿನ ಜಾವ ಹೊಳೆಯಿಂದ ಮಂಜು ಎದ್ದಿತ್ತು. ಕೆಸರಿನಲ್ಲಿ ತೆವಳುತ್ತಿದ್ದ ಖಾಯ್‌ಗೆ ನಾಲಿಗೆ ದಪ್ಪವಾದಂತೆ ಅನಿಸಿತು. ಸುಣ್ಣ ಜಾಸ್ತಿಯಾಗಿ ಬಾಯಿ ಬೆಂದಿದೆ, ಅಷ್ಟೇ ಎಂದುಕೊಂಡ. ತುಟಿಯಂಚನ್ನು ಒರೆಸಿದರೆ ಬೆರಳಿಗೆ ಬಿಳಿಪುಡಿ ಮೆತ್ತಿತು. ಒರೆಸಿದಷ್ಟೂ ಬಂತು.

ಕೋಟೆ ಬಾಗಿಲು. ಅವನು ಕೈ ಎತ್ತಿದ. ಕೊಳವೆಗಳು ಒಟ್ಟಿಗೇ ಪಿಚ್ಚೆಂದವು. ಕಾವಲಿನವರು ಮುಖ ಹಿಡಿದುಕೊಂಡು ಅರಚಿದರು. ಒಬ್ಬನು ತನ್ನ ಕಣ್ಣಿಗೆ ತಾನೇ ಉಗುರು ಹಾಕಿ ಕಿತ್ತುಕೊಂಡ. ಖಾಯ್ ಅವನ ಕೊರಳು ಸೀಳಿದ. ಬಿಸಿರಕ್ತ ಮೊಣಕೈವರೆಗೆ ಹರಿಯಿತು. ಇನ್ನೊಬ್ಬನ ಹೊಟ್ಟೆಗೆ ಕತ್ತಿ ಹಾಕಿ ತಿರುವಿದ. ಬಾಗಿಲು ಬಿತ್ತು. ಹೆಣಗಳನ್ನು ತುಳಿದುಕೊಂಡು ಕಾವಲುಮನೆಗೆ ನುಗ್ಗಿದ.

ಖಾಲಿ. ನರಪಿಳ್ಳೆಯಿಲ್ಲ.

“ಅಣ್ಣಾ!”

ಕೂಗು ಬಂದದ್ದು ಕಣಜದಿಂದ. ಓಡಿದ. ಕಣಜದ ಕತ್ತಲಲ್ಲಿ ಭತ್ತದ ಧೂಳು, ಉಚ್ಚೆಯ ನಾತ. ಸುಂಗ್ ಮತ್ತು ಊರಿನ ಹುಡುಗರು ಕಂಬಕ್ಕೆ ಸರಪಳಿಯಲ್ಲಿ ಕಟ್ಟಿಸಿಕೊಂಡು ನಿಂತಿದ್ದರು.

ಹೊರಗೆ ಪಂಜುಗಳು ಹೊತ್ತಿಕೊಂಡವು.

ನಿಲ್ಲಿಸಿ ಎಂದು ಕೂಗಲು ಖಾಯ್ ಬಾಯಿ ತೆರೆಯಹೋದ. ತೆರೆಯಲಿಲ್ಲ. ತುಟಿ ಮುಟ್ಟಿಕೊಂಡ. ತುಟಿ ಇರಲಿಲ್ಲ. ಗಟ್ಟಿ. ತಣ್ಣಗೆ. ಕಲ್ಲು.

“ಕೂಗೋ ಅಣ್ಣ! ನಾವಿದ್ದೀವಿ ಅನ್ನೋ!” ಸುಂಗ್ ಅರಚಿದ. ಹುಡುಗರೂ ಅರಚಿದರು. “ನಿಲ್ಸಿ! ನಿಲ್ಸಿ!”

ಹೊರಗಿನಿಂದ ತ್ರುಕ್‌ನ ದನಿ ಬಂತು: “ನಂಬಬೇಡ್ರೋ! ಅಣ್ಣನ ದನಿ ಅಲ್ಲ ಅದು! ಹಚ್ರೋ!”

ಕೈಬೀಸಿ ತಡೆಯಲು ಹೊರಗೋಡುವ ಮೊದಲೇ ಹುಲ್ಲಿನ ಮಾಡು ಭಗ್ಗೆಂದಿತು. ಖಾಯ್ ಕತ್ತಿಯ ತುದಿಯನ್ನು ತನ್ನ ಬಾಯಿಗೇ ಇಟ್ಟು ಕುಕ್ಕಿದ. ಕೆನ್ನೆ ಹರಿಯಿತು. ಹಲ್ಲು ಮುರಿಯಿತು. ಸುಣ್ಣ ಮುರಿಯಲಿಲ್ಲ. ಸರಪಳಿಗೆ ಕತ್ತಿ ಬೀಸಿದ. ಕಿಡಿ. ಮತ್ತೆ ಬೀಸಿದ. ಕತ್ತಿ ತುಂಡಾಯಿತು. ಸುಂಗ್‌ನ ಕೂದಲು ಹೊತ್ತಿತು. ಬರಿಗೈಯಲ್ಲಿ ಆರಿಸಿದ. ಚರ್ಮ ಕೈಗೆ ಅಂಟಿ ಬಂತು. ತಮ್ಮ ಅವನ ಮುಖವನ್ನೇ ನೋಡುತ್ತಿದ್ದ. “ಯಾಕೋ ಕೂಗಲಿಲ್ಲ?” ಎಂದ. ಮಾಡು ಕುಸಿಯಿತು.

ಬೂದಿಯಡಿಯಿಂದ ತ್ರುಕ್ ಎಳೆದು ತೆಗೆದಾಗ ಖಾಯ್‌ಗೆ ಜೀವವಿತ್ತು. ಯಾಕಾದರೂ ಇತ್ತೋ! ಕೋಟೆ ಗೆದ್ದ ಬಂಟರು ಅವನ ಹೆಸರು ಹಿಡಿದು ಕುಣಿಯುತ್ತಿದ್ದರು. ಮುಖ ಕಂಡೊಡನೆ ಕುಣಿತ ನಿಂತಿತು. ಮೂಗಿನ ಕೆಳಗೆ ಬಾಯಿಯಿರಲಿಲ್ಲ, ಕುಡಿಕೆಯ ಅಂಚಿನಂತೆ ಪದರ ಪದರವಾದ ಬಿಳಿ ಗಂಟಿತ್ತು. ಆಗ ಒಬ್ಬ ಬಂಟ ತನ್ನ ತುಟಿ ಒರೆಸಿಕೊಂಡ. ಬೆರಳು ಬೆಳ್ಳಗಾಯಿತು. ತ್ರುಕ್ ತನ್ನದನ್ನೂ ಮುಟ್ಟಿಕೊಂಡು ನೋಡಿದ. ಅಲ್ಲೂ ಬಿಳಿ.

ಊರಿನವರು ಆಲದ ಮರದಡಿ ಕಾಯುತ್ತಿದ್ದರು. ಥಾಮ್ ಅಜ್ಜಿ ಸೆರೆಹೋಗಿದ್ದ ತನ್ನ ಮೊಮ್ಮಗನನ್ನು ಹುಡುಕಿದಳು. ಬಂದವರಲ್ಲಿ ಅವನಿರಲಿಲ್ಲ. ಅವಳು ಅಳಲಿಲ್ಲ. ಖಾಯ್‌ನ ಮುಖವನ್ನು ಬೆರಳಿನಿಂದ ತಡವಿ, ಮೆಲ್ಲಗೆ ಬಾಗಿ ಕೈಮುಗಿದಳು.

“ಬಾಯಿ ಮುಚ್ಚಿತು. ಇನ್ನು ಇವನು ಹಿರಿಯ. ನೆಲದ ಮೇಲೆ ಇಡಬಾರದು.”

ಖಾಯ್ ಬೇಡ ಬೇಡವೆಂದು ತಲೆಯಾಡಿಸಿದ. ಮೂಗಿನಿಂದ ಸೀಟಿಯಂತೆ ಉಸಿರು ಬಂತು. ತ್ರುಕ್‌ನ ಕಾಲು ಹಿಡಿದ.

“ಕ್ಷಮಿಸಣ್ಣ.” ತ್ರುಕ್ ಅಳುತ್ತಿದ್ದ. ಮಾತು ಆಗಲೇ ತೊದಲುತ್ತಿತ್ತು. “ನಂಗೂ ಮಕ್ಕಳಿದ್ದಾರೆ.”

ನಿನ್ನೆ ಖಾಯ್ ಕತ್ತರಿಸಿದ ಹಗ್ಗ ಕೊಂಬೆಯಲ್ಲಿ ಹಾಗೇ ತೂಗುತ್ತಿತ್ತು. ತ್ರುಕ್ ಅದಕ್ಕೆ ಹೊಸ ಹಗ್ಗ ಗಂಟು ಹಾಕಿ, ಅವನ ಕಂಕುಳಿಗೆ ಬಿಗಿದು, ಮೇಲಕ್ಕೆಳೆದ. ಖಾಯ್‌ನ ಕಣ್ಣುಗಳು ತೆರೆದೇ ಇದ್ದವು. ತ್ರುಕ್ ತುಟಿ ಒರೆಸಿಕೊಂಡು ಬೆರಳು ನೋಡಿದ. ಬೆರಳು ಸ್ವಚ್ಛವಾಗಿತ್ತು.

ಎಲ್ಲರೂ ಕೈಮುಗಿದು ಮನೆಗೆ ಹೋದರು.