ಕೊಟ್ಟಿಗೆ ಇದ್ದಲ್ಲಿ ಎಡಕ್ಕೆ

ಆ ಮನುಷ್ಯನ ಮೇಲೆ ಹಾಲಿನಾ ಬಾಬಿಯಾಕ್‌ಗೆ ಮೊದಲ ದಿನವೇ ಅನುಮಾನ ಬಂದಿತ್ತು. ಮಾರ್ಚ್ ತಿಂಗಳಲ್ಲಿ, ಹಿಮ ಇನ್ನೂ ಮೊಣಕಾಲುದ್ದ ಇರುವಾಗ, ಡನ್‌ಬ್ರೇಯಂಥ ಆರುನೂರು ಜನರ ಊರಿಗೆ ಬಂದು ಬೋರ್ಡು ಬರೆಯುವ ಅಂಗಡಿ ತೆರೆಯುವವನಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ಒಳಗೊಳಗೇ ಬೇರೇನೋ ಕೆಲಸವಿರಬೇಕು. ಮುಖ್ಯ ಬೀದಿಯಲ್ಲಿರುವುದೇ ಹನ್ನೊಂದು ಅಂಗಡಿ. ಹನ್ನೊಂದಕ್ಕೂ ಆಗಲೇ ಬೋರ್ಡುಗಳಿದ್ದವು.

ಆರ್ನೆ ಸೋಲ್‌ಹೈಮ್‌ಗೆ ತಲೆ ಕೆಟ್ಟಂತೇನೂ ಕಾಣುತ್ತಿರಲಿಲ್ಲ. ಮಾತು ಕೇಳುವಾಗ ತಲೆ ಸ್ವಲ್ಪ ವಾಲಿಸುತ್ತಿದ್ದ. ಎಡಗೈ ಹೆಬ್ಬೆರಳಿಗೆ ದಿನಕ್ಕೊಂದು ಬಣ್ಣ ಮೆತ್ತಿರುತ್ತಿತ್ತು. ಸೋಮವಾರ ಹಳದಿ, ಬುಧವಾರ ಕೆಂಪು. ಇದನ್ನೆಲ್ಲ ತಾನು ಯಾಕೆ ನೆನಪಿಟ್ಟುಕೊಂಡಿದ್ದೇನೆ ಎಂದು ಹಾಲಿನಾಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಅನುಮಾನವಿದ್ದವರು ಗಮನಿಸಲೇಬೇಕಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಅವಳು ನೋಡಿಕೊಳ್ಳುತ್ತಿದ್ದ ಊರಿನ ಪ್ರವಾಸ ಕಚೇರಿ ಹಳೆಯ ರೈಲು ನಿಲ್ದಾಣದಲ್ಲಿತ್ತು. ರೈಲು ನಿಂತು ಮೂವತ್ತು ವರ್ಷ. ಈಗ ಅಲ್ಲಿ ಒಂದು ಮೇಜು, ಒಂದು ಕಾಫಿ ಯಂತ್ರ, ಮತ್ತು ಎರಡು ವರ್ಷ ಕೂತು ಅವಳು ತಯಾರಿಸಿದ ಒಂದು ದಿನದ ಪ್ರವಾಸಗಳ ಕರಪತ್ರ. ಹಳೆ ಬೆಣ್ಣೆ ಕಾರ್ಖಾನೆಯಲ್ಲಿ ಕುಂಬಾರಿಕೆ, ಮುಚ್ಚಿದ ಚರ್ಚಿನಲ್ಲಿ ಬಣ್ಣದ ಗಾಜಿನ ಕೆಲಸ, ಮರ್ನಾಳ ಕೌದಿ ಅಂಗಡಿ, ಬೇಕರಿಯ ಗಸಗಸೆ ರೊಟ್ಟಿ, ಹೊಲಗಳ ನಡುವಿನ ಒಂಟಿ ಮನೆಗಳಲ್ಲಿ ಚಿತ್ರ ಬರೆಯುವ ಇಬ್ಬರು. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಸಂಜೆ ನಾಲ್ಕಕ್ಕೆ ನಿಲ್ದಾಣದಲ್ಲಿ ಚಹಾ.

ಈಗ ಜುಲೈ, ಹಿಮ ಕರಗಿ ಬೇಸಿಗೆ ಬಂದಿತ್ತು. ಬರುವ ಶನಿವಾರ ಸಸ್ಕಟೂನ್ ನಗರದ ಪ್ರವಾಸ ಕ್ಲಬ್ಬಿನವರು ಇಪ್ಪತ್ತು ಕಾರುಗಳಲ್ಲಿ ಬಂದು ಆ ಕರಪತ್ರ ಹಿಡಿದು ತಾವೇ ಸುತ್ತುವವರಿದ್ದರು. ಮೆಚ್ಚಿದರೆ ಬೇಸಿಗೆಯುದ್ದಕ್ಕೂ ಪ್ರತಿ ಶನಿವಾರ ಬರುತ್ತಾರೆ. ಮೆಚ್ಚದಿದ್ದರೆ ಪಕ್ಕದ ಕಾರ್ಸ್‌ಟನ್ ಊರಿಗೆ ಹೋಗುತ್ತಾರೆ, ನಿಲ್ದಾಣಕ್ಕೆ ಬೀಗ ಬೀಳುತ್ತದೆ, ಹಾಲಿನಾ ಪೆಟ್ಟಿಗೆ ಕಟ್ಟಿ ನಗರದಲ್ಲಿರುವ ಅಕ್ಕನ ಮನೆ ಸೇರಬೇಕು. ಊರಿನ ಸಭೆಯಲ್ಲಿ ಇದನ್ನು ನಯವಾಗಿಯೇ ಹೇಳಿದ್ದರು.

ಇಂಥ ಹೊತ್ತಿನಲ್ಲಿ ಒಬ್ಬ ಹೊರಗಿನವನು ನೋಟ್‌ಬುಕ್ ಹಿಡಿದು ಊರೆಲ್ಲ ಸುತ್ತುತ್ತಿದ್ದರೆ ಯಾರಿಗೆ ತಾನೆ ನೆಮ್ಮದಿ?

"ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬೇಕರಿಗೆ ಬರ್ತಾನೆ ಕಣೇ," ಎಂದಳು ಮರ್ನಾ, ಕೌದಿಗೆ ಹೊಲಿಗೆ ಹಾಕುತ್ತಲೇ. ಮರ್ನಾ ಹಾಲಿನಾಳ ತಾಯಿಯ ಗೆಳತಿ. ತಾಯಿ ಹೋದ ಮೇಲೆ ಆ ಜಾಗವನ್ನೂ ಬೈಗುಳವನ್ನೂ ತಾನೇ ವಹಿಸಿಕೊಂಡಿದ್ದಳು. "ಆ ಮುದುಕರ ಕಾಫಿ ಗುಂಪಲ್ಲಿ ಕೂತ್ಕೊಂಡು ಅದೆಲ್ಲಿತ್ತು, ಇದೆಲ್ಲಿತ್ತು ಅಂತ ಕೇಳ್ತಾನೆ. ವಾಸಿಲ್ ತಾತನಿಗಂತೂ ಹಬ್ಬ. ಎಂಬತ್ತಮೂರು ವರ್ಷಕ್ಕೆ ಈಗ ಕೇಳೋರು ಸಿಕ್ಕಿದಾರೆ."

"ಏನು ಕೇಳ್ತಾನೆ ಸರಿಯಾಗಿ?"

"ನೀನೇ ಹೋಗಿ ಕೇಳು. ನೋಡೋಕೂ ಚೆನ್ನಾಗಿದಾನೆ."

"ಮರ್ನತ್ತೆ!"

"ಏನೀಗ? ಕಳ್ಳರು ಚೆನ್ನಾಗಿರಬಾರದು ಅಂತ ಕಾನೂನಿದೆಯಾ?"

ಮರುದಿನ ಅವಳಿಗೆ ಸಾಕ್ಷಿಯೇ ಸಿಕ್ಕಿತು. ಅವನ ಅಂಗಡಿಯ ಮುಂದೆ ಹಾದುಹೋಗುವಾಗ ಕಿಟಕಿಯೊಳಗೆ, ಮೇಜಿನ ಮೇಲೆ ತನ್ನ ಕರಪತ್ರ ಕಂಡಿತು. ಅದರ ತುಂಬ ಕೆಂಪು ಶಾಯಿ. ಒಂದೊಂದು ಸಾಲಿಗೂ ಸುತ್ತು, ಬಾಣ, ಪ್ರಶ್ನೆ ಚಿಹ್ನೆ. ಹಾಲಿನಾಳ ಕಿವಿ ಬಿಸಿಯಾಯಿತು. ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ನನ್ನ ಕರಪತ್ರದಲ್ಲಿ ನಿಮಗೇನು ಕೆಲಸ?"

ಆರ್ನೆ ಕುಂಚ ಕೆಳಗಿಟ್ಟ. ಹೆಬ್ಬೆರಳು ಆ ದಿನ ಹಸಿರಾಗಿತ್ತು. "ನಾನೇ ನಿಮ್ಮ ಹತ್ರ ಬರೋಣ ಅಂತಿದ್ದೆ. ಈ ದಾರಿಗಳ ಬಗ್ಗೆ ಒಂದು ಮಾತು…"

"ದಾರಿ ಬಗ್ಗೆ ಪ್ರಶ್ನೆ ಇದ್ರೆ ಕಾರ್ಸ್‌ಟನ್‌ನಲ್ಲಿ ಕೇಳಿ. ಅಲ್ಲಿನ ಕೊರಿನ್ ಜೊತೆ ನಿಮಗೆ ಸ್ನೇಹ ಅಂತ ಕೇಳ್ಪಟ್ಟೆ."

ಇದು ಬರೀ ಕೇಳಿದ ಮಾತಲ್ಲ. ಕಾರ್ಸ್‌ಟನ್‌ನ ಪ್ರವಾಸ ಕಚೇರಿ ನೋಡಿಕೊಳ್ಳುವ ಕೊರಿನ್ ಮತ್ತು ಇವನು, ಇಬ್ಬರೂ ನಗುನಗುತ್ತ ಇವನ ಪಿಕಪ್‌ಗೆ ಏನನ್ನೋ ತುಂಬಿ ಟಾರ್ಪಾಲು ಮುಚ್ಚಿದ್ದನ್ನು ಹಾಲಿನಾ ಕಣ್ಣಾರೆ ನೋಡಿದ್ದಳು. ಆ ನಗು ಯಾಕೆ ಅಷ್ಟು ಚುಚ್ಚಿತೆಂದು ಮಾತ್ರ ವಿಚಾರಿಸಿಕೊಳ್ಳಲು ಹೋಗಿರಲಿಲ್ಲ.

ಆರ್ನೆಯ ಮುಖ ಕೆಂಪಾಯಿತು. "ಕೊರಿನ್? ಅಯ್ಯೋ, ಅದು…"

"ಬೇಡ, ಹೇಳಬೇಡಿ."

ಆ ಸಂಜೆ ಅವನು ನಿಲ್ದಾಣದ ಮೆಟ್ಟಿಲು ಹತ್ತುತ್ತಿರುವುದು ಕಂಡಾಗ ಅವಳು 'ಮುಚ್ಚಿದೆ' ಎಂಬ ಫಲಕವನ್ನು ಗಾಜಿಗೆ ತಿರುಗಿಸಿದಳು. ಗಾಜಿನ ಆಚೆ ಅವನು ಒಂದು ಕ್ಷಣ ನಿಂತ, ಟೋಪಿ ತೆಗೆದು ಮತ್ತೆ ಹಾಕಿಕೊಂಡು ಇಳಿದುಹೋದ. ಅವನು ಹೋದ ಮೇಲೆ ಕಚೇರಿ ಯಾಕೋ ದೊಡ್ಡದಾಗಿ ಕಂಡಿತು.

ಇಲ್ಲಿಯ ರಸ್ತೆಗಳಲ್ಲಿ ಎದುರು ಬರುವ ಯಾವ ಗಾಡಿಗಾದರೂ ಸ್ಟೀರಿಂಗ್ ಬಿಡದೆ ಒಂದು ಬೆರಳೆತ್ತುವುದು ವಾಡಿಕೆ. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಅದೊಂದನ್ನು ತಪ್ಪಿಸುವುದಿಲ್ಲ. ಬುಧವಾರ ಆರ್ನೆಯ ನೀಲಿ ಪಿಕಪ್ ಎದುರಾಯಿತು, ಅವನು ಬೆರಳೆತ್ತಿದ. ಹಾಲಿನಾ ಎತ್ತಲಿಲ್ಲ. ಒಂದು ಮೈಲಿ ಹೋಗುವಷ್ಟರಲ್ಲಿ ಅವಳು ಎರಡು ಸಲ ಹಿಂಬದಿ ಕನ್ನಡಿ ನೋಡಿದ್ದಳು.

ಗುರುವಾರ ಮಧ್ಯಾಹ್ನ ಮತ್ತೆ ಅದೇ ಪಿಕಪ್, ಹಿಂದೆ ಅದೇ ಟಾರ್ಪಾಲು, ತನ್ನ ಪ್ರವಾಸದ ದಾರಿಯಲ್ಲೇ ಹೊರಟಿತು. ಇನ್ನೆರಡೇ ದಿನ. ಹಾಲಿನಾ ಕಚೇರಿಗೆ ಬೀಗ ಹಾಕಿ ಕಾರು ಹತ್ತಿದಳು. ಇವತ್ತು ಅವನನ್ನು ಕೈಯಾರೆ ಹಿಡಿಯಲೇಬೇಕು.

ಈ ಬಯಲಿನಲ್ಲಿ ಹುಟ್ಟಿ ಬೆಳೆದವಳಿಗೆ ಸಿಟ್ಟಿನಲ್ಲಿ ಒಂದು ಸಂಗತಿ ಮರೆತೇಹೋಗಿತ್ತು. ಇಲ್ಲಿ ಯಾರೂ ಯಾರನ್ನೂ ಗುಟ್ಟಾಗಿ ಹಿಂಬಾಲಿಸಲಾರರು. ಜಲ್ಲಿ ರಸ್ತೆ, ಗುಡ್ಡವಿಲ್ಲ, ಮರವಿಲ್ಲ, ಎರಡೂ ಕಡೆ ಸಾಸಿವೆಯಂತೆ ಹೂಬಿಟ್ಟ ಕನೋಲಾ ಎಣ್ಣೆಬೀಜದ ಹೊಲದ ಹಳದಿ. ಒಂದು ಕಾರು ಹೊರಟರೆ ಅದರ ಧೂಳು ಐದು ಮೈಲಿಗೆ ಕಾಣುತ್ತದೆ.

ತಿರುವಿನಲ್ಲಿ ಪಿಕಪ್ ನಿಂತಿತ್ತು. ಆರ್ನೆ ಹಿಂಬದಿಯ ಹಲಗೆಯ ಮೇಲೆ ಕುಳಿತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಲೋಟ.

"ನಿಮ್ಮ ಧೂಳು ಕಾಣೋಕೆ ಶುರುವಾಗಿ ಹತ್ತು ನಿಮಿಷ ಆಯ್ತು," ಎಂದ. "ಕಾಫಿ ಆರಿಹೋಗುತ್ತೇನೋ ಅಂತ ಭಯ ಆಗಿತ್ತು. ಸಕ್ಕರೆ ಹಾಕಿಲ್ಲ, ನೀವು ಹಾಕ್ಕೊಳಲ್ಲ ಅಂತ ಮರ್ನಾ ಅಂದ್ರು."

"ಮರ್ನತ್ತೆಯನ್ನೂ ಬಿಟ್ಟಿಲ್ವಾ?" ಹಾಲಿನಾ ಬಾಗಿಲು ಧಡಾರನೆ ಮುಚ್ಚಿ ಇಳಿದಳು. "ಟಾರ್ಪಾಲು ತೆಗೀರಿ."

"ಶನಿವಾರ ಬೆಳಿಗ್ಗೆವರೆಗೂ ಕಾಯೋಕಾಗಲ್ವಾ?"

"ತೆಗೀರಿ ಅಂದೆ."

ಅವನು ರಸ್ತೆಯಂಚಿಗೆ ಕೈ ತೋರಿಸಿದ. ಅವಳು ಧೂಳಿನಲ್ಲಿ ನೋಡಿಯೇ ಇರಲಿಲ್ಲ. ಅಲ್ಲಿ ಹೊಸದಾಗಿ ನೆಟ್ಟ ಕಂಬದ ಮೇಲೆ, ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಹಳೆಯ ಹಲಗೆ. ಅದರ ಮೇಲೆ ಒಂದು ಕೆಂಪು ಕೊಟ್ಟಿಗೆಯ ಚಿತ್ರ, ಸೊಟ್ಟಗಾದ ಮಾಡು, ಬಾಗಿಲಲ್ಲಿ ಒಂದು ಬಿಳಿ ಕುದುರೆ. ಕೆಳಗೆ ಚೆಂದದ ಅಕ್ಷರ: 'ವಾಸಿಲ್ ಅವರ ಕೊಟ್ಟಿಗೆ ಇಲ್ಲಿತ್ತು. ಎಡಕ್ಕೆ ತಿರುಗಿ.'

ಹಾಲಿನಾ ಎರಡು ಸಲ ಓದಿದಳು.

"ಇದೇನು? ಇಲ್ಲಿ ವಾಸಿಲ್ ತಾತನ ಕೊಟ್ಟಿಗೆ ಇತ್ತು ಅಂತ ಎಲ್ರಿಗೂ ಗೊತ್ತಿದೆಯಲ್ಲ!"

"ಸಸ್ಕಟೂನ್‌ನೋರಿಗೆ?"

ಅವಳು ತಿರುವಿನ ಸುತ್ತ ಒಮ್ಮೆ ನೋಡಿದಳು.

ತಾನೇ ಬರೆದ ಕರಪತ್ರ ಅವಳಿಗೆ ಬಾಯಿಪಾಠವಾಗಿತ್ತು. ವಾಸಿಲ್ ಅವರ ಕೊಟ್ಟಿಗೆ ಇದ್ದಲ್ಲಿ ಎಡಕ್ಕೆ. ಗಸ್ ಅವರ ಗಾಳಿಯಂತ್ರ ಇದ್ದಲ್ಲಿ ಬಲಕ್ಕೆ. ಹಳೆ ಅಂಚೆ ಕಚೇರಿ ಸುಟ್ಟುಹೋದ ಜಾಗ ದಾಟಿ ಒಂದು ಮೈಲಿ. ಒಟ್ಟು ಹನ್ನೊಂದು ತಿರುವು, ಅದರಲ್ಲಿ ಒಂಬತ್ತು ಕಡೆ ಹೊಲ ಬಿಟ್ಟರೆ ಏನೂ ಇಲ್ಲ. ಅಚ್ಚಿಗೆ ಕೊಡುವ ಮೊದಲು ಇಡೀ ಊರು ಅದನ್ನು ಓದಿತ್ತು. ಯಾರೊಬ್ಬರೂ ತಪ್ಪು ಹೇಳಿರಲಿಲ್ಲ. ವಾಸಿಲ್ ತಾತ ಮಾತ್ರ ತನ್ನ ಹೆಸರಿನ ಮುಂದೆ 'ಶ್ರೀ' ಸೇರಿಸಬಹುದಿತ್ತು ಎಂದಿದ್ದ. ಹೊಲಗಳ ನಡುವೆ ಫೋನು ಸಿಗ್ನಲ್ಲಿಲ್ಲದೆ ಸತ್ತುಬೀಳುತ್ತದೆ. ಇಪ್ಪತ್ತು ಕಾರುಗಳು ಶನಿವಾರ ಈ ಹಳದಿಯ ನಡುವೆ ನಿಂತು ಇಲ್ಲದ ಕೊಟ್ಟಿಗೆಯನ್ನು ಹುಡುಕುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು. ಪಿಕಪ್‌ನ ಹಲಗೆಯ ಮೇಲೆ ಅವನ ಪಕ್ಕ ಕುಳಿತಳು.

"ನಾನು ಮಾರ್ಚ್‌ನಲ್ಲೇ ನಿಮ್ಮ ಕರಪತ್ರ ಹಿಡ್ಕೊಂಡು ಹೊರಟಿದ್ದೆ," ಎಂದ ಆರ್ನೆ. "ಮೂರು ಸಲ ದಾರಿ ತಪ್ಪಿದೆ. ಎರಡನೇ ಸಲ ಹಳ್ಳಕ್ಕೆ ಇಳಿದುಬಿಟ್ಟೆ. ಟ್ರ್ಯಾಕ್ಟರ್ ತಂದು ಎಳೆದೋರು ವಾಪಸ್ ಹೋಗೋಕೆ ದಾರಿ ಹೇಳಿದ್ರು. ಯಾವುದೋ ಶಾಲೆ ಇದ್ದಲ್ಲಿ ಎಡಕ್ಕಂತೆ."

ಅವಳಿಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡಳು. ಇನ್ನೂ ಲೆಕ್ಕ ಚುಕ್ತಾ ಆಗಿರಲಿಲ್ಲ. "ಕೊರಿನ್?"

"ಅವಳ ಗಂಡ ಹಳೇ ಕೊಟ್ಟಿಗೆ ಬಿಚ್ಚಿದ ಹಲಗೆ ಮಾರ್ತಾನೆ. ಇದು ವಾಸಿಲ್ ತಾತನ ಕೊಟ್ಟಿಗೇದೇ ಹಲಗೆ. ಹುಡುಕೋಕೆ ಎರಡು ವಾರ ಬೇಕಾಯ್ತು. ಖಾಲಿ ಹೊಲಕ್ಕೆ ಬೋರ್ಡು ಬರೆಯೋಕೆ ಹೊರಟಿದೀನಿ ಅಂತ ಕೊರಿನ್ ಬಿದ್ದುಬಿದ್ದು ನಕ್ಕಳು."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ!"

"ಹೇಳೋಕೆ ಬಂದಿದ್ದೆ. ಒಂದು ಸಲ ಕಾರ್ಸ್‌ಟನ್‌ಗೆ ಹೋಗು ಅಂದ್ರಿ. ಇನ್ನೊಂದು ಸಲ ಮುಚ್ಚಿದೆ ಅಂದ್ರಿ."

ಅವಳು ಕಾಫಿಯನ್ನೇ ನೋಡಿದಳು. ಕೆನ್ನೆ ಸುಡುತ್ತಿತ್ತು. ಆಮೇಲೆ ಕೈ ಚಾಚಿದಳು. "ನೋಟ್‌ಬುಕ್ ಕೊಡಿ."

"ಅದೊಂದು ಬೇಡ."

"ಯಾಕೆ?"

"ಬೇಡ ಅಷ್ಟೆ."

ಅನುಮಾನ ಮತ್ತೆ ತಲೆಯೆತ್ತಿತು. ಅವಳು ಕೈ ಹಿಂದೆಗೆಯಲಿಲ್ಲ, ಕಣ್ಣೂ ಕದಲಿಸಲಿಲ್ಲ. ಅವನೇ ಸೋತು ಜೇಬಿನಿಂದ ತೆಗೆದು ಕೊಟ್ಟು, ಹೊಲದ ಕಡೆ ಮುಖ ತಿರುಗಿಸಿಕೊಂಡ. ಅವನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು.

ಪುಟಕ್ಕೊಂದು ಜಾಗ. ಗಾಳಿಯಂತ್ರಕ್ಕೆ ಎಷ್ಟು ರೆಕ್ಕೆ, ಕುದುರೆಯ ಹೆಸರೇನು, ಅಂಚೆ ಕಚೇರಿಯ ಮುಂದೆ ಬೆಂಚಿತ್ತೋ ಇಲ್ಲವೋ. ಕೊನೆಯ ಪುಟದಲ್ಲಿ ಕರಪತ್ರದ ಕೊನೆಯ ತಿರುವು: 'ಬಾಬಿಯಾಕ್ ಅಜ್ಜಿಯ ಬೇಸಿಗೆ ಅಡುಗೆಮನೆ.' ಬೇಸಿಗೆಯಲ್ಲಿ ಒಲೆಯ ಶಾಖಕ್ಕೆ ಮನೆ ಕಾಯದಿರಲೆಂದು ಅಂಗಳದಾಚೆ ಅಜ್ಜಿ ಅಡುಗೆ ಮಾಡುತ್ತಿದ್ದ ಪುಟ್ಟ ಗುಡಿಸಲು. ಅದು ಬಿದ್ದು ಹದಿನಾರು ವರ್ಷವಾಗಿತ್ತು. ಪೆನ್ಸಿಲ್ಲಿನ ಚಿತ್ರದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಪಾತ್ರೆಯೂ ಇತ್ತು, ಹೊಸ್ತಿಲಲ್ಲಿ ಕುಳಿತ ಎರಡು ಜಡೆಯ ಹುಡುಗಿಯೂ ಇದ್ದಳು. ಕೆಳಗೆ ಬರೆದಿದ್ದ: 'ಬಾಗಿಲಿನ ಬಣ್ಣ? ವಾಸಿಲ್ ನೀಲಿ ಅಂತಾರೆ, ಗಸ್ ಬಿಳಿ ಅಂತಾರೆ. ಹಾಲಿನಾಳನ್ನೇ ಕೇಳಬೇಕು. ಇವತ್ತೂ ಧೈರ್ಯ ಬರಲಿಲ್ಲ.'

ಅದರ ಕೆಳಗೆ, ಬೇರೆ ಬೇರೆ ದಿನಾಂಕ ಹಾಕಿ, ಅದೇ ಕೊನೆಯ ಸಾಲು ಮತ್ತೆ ಏಳು ಸಲ ಇತ್ತು.

ಹಾಲಿನಾಳ ಕಣ್ಣಿಗೆ ಅಕ್ಷರಗಳು ಕಲಸಿಹೋದವು. ಎಷ್ಟೋ ವರ್ಷದಿಂದ ಆ ಬಾಗಿಲ ಬಗ್ಗೆ ಅವಳನ್ನು ಯಾರೂ ಕೇಳಿರಲಿಲ್ಲ.

"ನಾಲ್ಕನೇ ಸಲ ಬೇಕಂತಲೇ ದಾರಿ ತಪ್ಪಿಸ್ಕೊಂಡೆ," ಆರ್ನೆ ಹೊಲಕ್ಕೇ ಹೇಳಿದ. "ನಿಲ್ದಾಣಕ್ಕೆ ಬಂದು ನಿಮ್ಮನ್ನ ದಾರಿ ಕೇಳಬಹುದಲ್ಲ ಅಂತ. ನನಗೆ ನೀವಂದ್ರೆ ಇಷ್ಟ, ಹಾಲಿನಾ. ಇದನ್ನ ಬೋರ್ಡಲ್ಲಿ ಬರೆದಿದ್ರೆ ಸುಲಭವಾಗಿ ಬರ್ತಿತ್ತು. ಬಾಯಲ್ಲಿ ಬರಲ್ಲ."

"ಬಂತಲ್ಲ," ಎಂದಳು ಅವಳು.

ಗಾಳಿ ಬೀಸಿತು. ದೂರದಲ್ಲಿ ಇನ್ಯಾರದೋ ಧೂಳು ಏಳುತ್ತಿತ್ತು.

"ಹಸಿರು," ಎಂದಳು ಹಾಲಿನಾ. "ಬಾಗಿಲು ಹಸಿರು. ಟ್ರ್ಯಾಕ್ಟರ್‌ಗೆ ಬಳಿದು ಉಳಿದ ಬಣ್ಣ. ಅಜ್ಜ ಕೆಳಗಡೆ ಮಾತ್ರ ಬಳಿದ, ಮೇಲೆ ಬಣ್ಣ ಸಾಲಲಿಲ್ಲ. ಮತ್ತೆ ಆ ಹುಡುಗಿಗೆ ಜಡೆ ಎರಡಲ್ಲ, ಒಂದೇ. ಹೀಗೆ ಕೇಳದೆ ಬರೆದ್ರೆ ತಪ್ಪೇ ಆಗೋದು ಕಣಯ್ಯಾ."

'ಕಣಯ್ಯಾ' ಕೇಳಿ ಅವನು ತಿರುಗಿ ನೋಡಿದ. ಇಬ್ಬರೂ ಒಟ್ಟಿಗೇ ನಕ್ಕರು. ಆಮೇಲೆ ಟಾರ್ಪಾಲು ತೆಗೆದು ಉಳಿದ ಫಲಕಗಳನ್ನು ಇಬ್ಬರೂ ಸೇರಿ ನೆಟ್ಟರು. ಕೊನೆಯದಕ್ಕೆ ಹಸಿರು ಬಳಿದವಳು ಅವಳೇ. ಸಂಜೆ ಹೊತ್ತಿಗೆ ಅವಳ ಹೆಬ್ಬೆರಳಿಗೂ ಬಣ್ಣ ಮೆತ್ತಿತ್ತು. ಮನೆಗೆ ಹೊರಟಾಗ ಅವಳು ಕಾರಿನ ಕಿಟಕಿಯಿಂದ ಬೆರಳೆತ್ತಿದಳು. ಬುಧವಾರದ ಬಾಕಿಗೆ ಇನ್ನೊಂದೂ ಸೇರಿಸಿ, ಎರಡು.

ಶನಿವಾರ ನಾಲ್ಕು ಗಂಟೆಗೆ ಇಪ್ಪತ್ತು ಕಾರುಗಳೂ ನಿಲ್ದಾಣದ ಮುಂದಿದ್ದವು. ಬಂದವರ ಕೈತುಂಬ ಮಡಕೆ, ಕೌದಿ, ರೊಟ್ಟಿ. ಆದರೆ ಅವರ ಬಾಯಲ್ಲಿ ಇದ್ದದ್ದು ಬಿಳಿ ಕುದುರೆ, ಅರ್ಧ ಹಸಿರಿನ ಬಾಗಿಲು. ವಾಸಿಲ್ ತಾತ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಬಂದು ಕುದುರೆಯ ಕಥೆಯನ್ನು ಆರು ಸಲ ಹೇಳಿದ. ಕ್ಲಬ್ಬಿನ ಅಧ್ಯಕ್ಷೆ ಹೊರಡುವಾಗ ಹಾಲಿನಾಳ ಕೈ ಹಿಡಿದು, "ಮುಂದಿನ ಶನಿವಾರಕ್ಕೆ ಮೂವತ್ತು ಕಾರು. ಆಗುತ್ತಲ್ವಾ?" ಎಂದಳು.

ಎಲ್ಲರೂ ಹೋದ ಮೇಲೆ ಆರ್ನೆ ಲೋಟ ತೊಳೆಯುತ್ತಿದ್ದ. ಹಾಲಿನಾ ಒರೆಸುತ್ತ, ಅವನತ್ತ ನೋಡದೆ ಹೇಳಿದಳು: "ನಾಳೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಾ. ಗಾಳಿಯಂತ್ರ ಇದ್ದಲ್ಲಿ ಬಲಕ್ಕೆ. ಪಾಪ್ಲರ್ ಮರ ಬಿದ್ದಿತ್ತಲ್ಲ, ಆ ಜಾಗ ದಾಟು. ಆಮೇಲೆ ಶಾಲೆ ಇದ್ದಲ್ಲಿ ಎಡಕ್ಕೆ."

ಅವನು ತಲೆಯಾಡಿಸಿದ. ನೋಟ್‌ಬುಕ್ ತೆಗೆಯಲಿಲ್ಲ.

ಅದೇ ಅವಳಿಗೆ ಅನುಮಾನ ಹುಟ್ಟಿಸಿತು. ಶಾಲೆ ಪ್ರವಾಸದ ದಾರಿಯಲ್ಲಿರಲಿಲ್ಲ. ಅಲ್ಲಿ ಅವನು ಫಲಕ ನೆಟ್ಟಿರಲಿಲ್ಲ. ಭಾನುವಾರ ಹನ್ನೆರಡರಿಂದಲೇ ಅವಳು ಅಡುಗೆಮನೆಯ ಕಿಟಕಿ ಬಿಟ್ಟು ಕದಲಲಿಲ್ಲ. ಒಲೆಯ ಮೇಲೆ ಆಲೂಗೆಡ್ಡೆ ಕಡುಬು ಬೇಯುತ್ತಿತ್ತು. ಕೇಳಿಸಿಕೊಂಡನೋ ಇಲ್ಲವೋ. ದಾರಿ ತಪ್ಪಿದನೋ. ಬರುವ ಮನಸ್ಸೇ ಇಲ್ಲವೋ.

ಹನ್ನೆರಡೂ ಕಾಲಿಗೆ ದಿಗಂತದಲ್ಲಿ ಧೂಳೆದ್ದಿತು. ಗಾಳಿಯಂತ್ರವಿಲ್ಲದ ತಿರುವಿನಲ್ಲಿ ಬಲಕ್ಕೆ ಹೊರಳಿತು. ಮರವಿಲ್ಲದ ಜಾಗವನ್ನು ದಾಟಿತು. ಹಾಲಿನಾ ಉಸಿರು ಹಿಡಿದು ನಿಂತಳು. ಬರೀ ಹುಲ್ಲು ಬೆಳೆದಿದ್ದ, ಹೊರಗಿನವರಿಗೆ ಯಾರಿಗೂ ಏನೂ ಕಾಣಿಸದ ಆ ಮೂಲೆಯಲ್ಲಿ ಧೂಳು ಸ್ವಲ್ಪ ನಿಧಾನವಾಗಿ, ಶಾಲೆ ಅಲ್ಲೇ ನಿಂತಿದೆಯೇನೋ ಎಂಬಂತೆ, ಎಡಕ್ಕೆ ತಿರುಗಿತು.