ಎರಡೂ ಹೆಗಲಿನ ನೋವು

ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದ ಕೃಷ್ಣಪ್ಪ ಎಸ್ಟೇಟಿನ ಬೇಲಿಯ ಬದಿಯಲ್ಲಿ ಗುಂಡು ತಿಂದು ಸತ್ತುಬಿದ್ದಿದ್ದ. ಸಿಡಿದದ್ದು ಎಸ್ಟೇಟಿನದೇ ಕೋವಿ. ಅದರ ಕಪಾಟಿಗೆ ಎರಡೇ ಕೀ: ಒಂದು ಸಾಹುಕಾರ ಚಂದ್ರಶೇಖರಪ್ಪನವರ ಬಳಿ, ಇನ್ನೊಂದು ಕಾಡುಹಂದಿ ನುಗ್ಗದಂತೆ ತೋಟ ಕಾಯುವ ದೇವರಾಜನ ಬಳಿ. ಸಾಹುಕಾರರು ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು ಹಿಂದಿನ ದಿನವಷ್ಟೇ ಮಂಗಳೂರಿನಿಂದ ಬಂದು ಮಲಗಿದ್ದರು. ಪೊಲೀಸರಿಗೆ ಅಷ್ಟೇ ಸಾಕಾಯಿತು. ದೇವರಾಜನನ್ನು ಎಳೆದೊಯ್ದರು.

ಅವನ ತಮ್ಮ ಸುದೀಪ, ಜಾವಳಿಯ ಡಾಕ್ಟರ್ ಅಂಬುಜಾ ಅವರ ಜೀಪಿನ ಡ್ರೈವರ್. ಸರ್ಜನ್ ಕೆಲಸದಿಂದ ನಿವೃತ್ತರಾದ ಮೇಲೆ ಊರಿನ ಎಷ್ಟೋ ಗುಟ್ಟು ಬಿಡಿಸಿದವರು ಅವರು.

"ಅಣ್ಣ ಇರುವೆ ತುಳಿಯೋಕೂ ಹೆದರ್ತಾನಮ್ಮ. ಕೇಳೋರಿಲ್ಲ ಅಂತ ಹಿಡ್ಕೊಂಡ್ಹೋದ್ರು, ಬೇವರ್ಸಿಗಳು!"

"ಬೈಯೋದು ಆಮೇಲೆ ಮಾರಾಯ. ಜೀಪ್ ತೆಗಿ."

ಬಂಗಲೆಯಲ್ಲಿ ಸಾಹುಕಾರರ ಕೆಳಹೊಟ್ಟೆಯ ಬಲಕ್ಕೆ ಅಂಗೈಯಗಲದ ಪಟ್ಟಿ ಇತ್ತು. ಹೆಂಡತಿ ವಸಂತಮ್ಮ ನಿಟ್ಟುಸಿರಿಟ್ಟರು. "ಏಳೋಕೇ ಆಗಲ್ವಂತೆ. ಆಸ್ಪತ್ರೆಯಿಂದ ಬರೋವಾಗ್ಲೇ ಎರಡೂ ಹೆಗಲು ನೋವು ಅಂತಿದ್ರು. ಮುಲಾಮು ತಿಕ್ಕಿ ತಿಕ್ಕಿ ನನ್ನ ಕೈ ಸೋತೋಯ್ತು."

ಹೊರಗೆ ಬಂದದ್ದೇ ಸುದೀಪ ಕುಣಿದಾಡಿದ. "ಕೋವಿ ಒದ್ದಿದೆಯಮ್ಮ!"

"ಕೋವಿ ಎರಡೂ ಹೆಗಲಿಗೆ ಒದೆಯುತ್ತೇನೋ? ಅದೂ ಗುಂಡು ಹಾರೋಕೆ ಮೊದಲೇ?" ಎಂದ ಅಂಬುಜಾ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದರು.

ಸಂಜೆ ಬಂಗಲೆಯ ಜಗಲಿಯಲ್ಲಿ ಇನ್ಸ್‌ಪೆಕ್ಟರ್, ಎಸ್ಟೇಟಿನ ರೈಟರು, ಮೇಸ್ತ್ರಿ ಎಲ್ಲ ಸೇರಿದರು. ಸಾಹುಕಾರರು ಆರಾಮಕುರ್ಚಿಯಲ್ಲಿ ಒರಗಿದ್ದರು. ದೇವರಾಜನನ್ನೂ ತಂದು ಅಂಗಳದಲ್ಲಿ ಕೂರಿಸಿದ್ದರು.

"ಅಪೆಂಡಿಕ್ಸ್ ತೆಗೆಯೋಕೆ ಎರಡು ದಾರಿ," ಅಂಬುಜಾ ಹೇಳಿದರು. "ಹಳೇದರಲ್ಲಿ ಬಲಗಡೆ ಕುಯ್ತೀವಿ. ಗಾಯ ಮಾಗೋ ತನಕ ಗುಡ್ಡ ಹತ್ತೋದು ಕಷ್ಟ. ಹೊಸದರಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿಸಿ, ಹೊಕ್ಕುಳ ಹತ್ತಿರ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸ್ತೀವಿ. ರೋಗಿ ಬೇಗ ಓಡಾಡ್ತಾನೆ, ಆದ್ರೆ ಉಳಿದ ಗ್ಯಾಸಿಗೆ ಹೆಗಲು ನೋಯುತ್ತೆ. ಹಾಗಿದ್ರೆ ಎರಡೂ ಹೆಗಲು ನೋಯ್ತಿರೋ ಸಾಹುಕಾರ್ರಿಗೆ ಬಲಗಡೆ ಇಷ್ಟು ದೊಡ್ಡ ಪಟ್ಟಿ ಯಾಕೆ?"

ಇನ್ಸ್‌ಪೆಕ್ಟರ್ ಅಳುಕುತ್ತಲೇ ಪಟ್ಟಿ ಕಿತ್ತರು. ಕೆಳಗೆ ಚರ್ಮ ನುಣ್ಣಗಿತ್ತು. ಹೊಲಿಗೆ ಇದ್ದದ್ದು ಹೊಕ್ಕುಳ ಬಳಿ.

"ನಿಮ್ಮಪ್ಪನಿಗೆ ಇದೇ ಆಪರೇಷನ್ ಬಲಗಡೆ ಕುಯ್ದು ಮಾಡಿದ್ದು ನಾನೇ. ಅವರ ಗಾಯ ನೆನಪಿಟ್ಟು ಪಟ್ಟಿ ಅಂಟಿಸ್ಕೊಂಡ್ರಿ. ಎದ್ದು ಓಡಾಡೋಕೆ ಆಗ್ತಿತ್ತು, ಕೀನೂ ನಿಮ್ಮ ಹತ್ರ ಇತ್ತು. ಕೊಂದಿಲ್ಲದೋನಿಗೆ ಈ ನಾಟಕ ಯಾಕೆ ಬೇಕಿತ್ತು?"

ಸಾಹುಕಾರರ ಮುಖ ಕೆಂಪೇರಿತು. "ನಮ್ಮ ಅನ್ನ ತಿಂದು ನಮ್ಮ ಲೈನ್ ಮನೆ ಜಾಗಕ್ಕೇ ಹಕ್ಕುಪತ್ರ ಕೇಳ್ದ ನಾಯಿ ಆ ಕೃಷ್ಣಪ್ಪ!"

ಇನ್ಸ್‌ಪೆಕ್ಟರ್ ಅವರ ತೋಳು ಹಿಡಿದು ಮೆಟ್ಟಿಲಿಳಿಸಿದರು. "ನಿಧಾನ ಸಾರ್. ಹೊಲಿಗೆ ಜೋಪಾನ."

ಬಿಡುಗಡೆಯಾದ ದೇವರಾಜ ಏಳಲಿಲ್ಲ. ಲಾಠಿ ಏಟಿಗೆ ಅಂಗಾಲು ಬಾತು ಬಿರಿದಿದ್ದವು. ಸುದೀಪ ಬಗ್ಗಿ ಅಣ್ಣನನ್ನು ಬೆನ್ನ ಮೇಲೆ ಹೊತ್ತುಕೊಂಡ. ನಾಲ್ಕು ಹೆಜ್ಜೆ ಇಟ್ಟಿದ್ದನಷ್ಟೆ, ಹಿಂದಿನಿಂದ ಪೊಲೀಸ್ ಜೀಪು ಹಾರ್ನ್ ಹೊಡೆಯಿತು.

"ಏಯ್, ದಾರಿ ಬಿಡ್ರೋ! ಸಾಹುಕಾರ್ರು ಇದಾರೆ!"