ಹಾಸಿನ ಆಚೆ ಬದಿ

ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ರುಬ್ಬಿ ಕುದಿಸಿದರೆ ಒಂದು ವಾಸನೆ ಏಳುತ್ತದೆ. ಸುಟ್ಟ ಹಿಟ್ಟಿನದೂ ಅಲ್ಲ, ಹುಳಿಯದೂ ಅಲ್ಲ. ಚಳ್ಳಕೆರೆಯ ಕಂಬಳಿ ನೇಯುವವರ ಕೇರಿಯಲ್ಲಿ ಹುಟ್ಟಿದ ಸೂರಮ್ಮನಿಗೆ ಬಾಲ್ಯವೆಂದರೆ ಆ ವಾಸನೆಯೇ. ಅವ್ವ ಗಂಜಿ ಕಲಕುತ್ತಿದ್ದರೆ ಕಣ್ಣು ಬಿಡುವ ಮೊದಲೇ ಮೂಗಿಗೆ ತಿಳಿಯುತ್ತಿತ್ತು, ಇವತ್ತು ಬೀದಿಯಲ್ಲಿ ಹಾಸು ಕಟ್ಟುತ್ತಾರೆ ಎಂದು.

ಹಾಸು ಎಂದರೆ ಕಂಬಳಿಯ ಉದ್ದನೆಯ ಎಳೆಗಳು. ಅವನ್ನು ಗೂಟದಿಂದ ಗೂಟಕ್ಕೆ ಬಿಗಿದು, ಸಡಿಲ ಎಳೆ ಗಟ್ಟಿಯಾಗಲೆಂದು ಬಿಸಿಲೇರುವ ಮುಂಚೆ ಗಂಜಿ ಬಳಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಈಚೆ ಬದಿಗೊಬ್ಬರು, ಆಚೆ ಬದಿಗೊಬ್ಬರು, ಒಂದೇ ಹೆಜ್ಜೆಯಲ್ಲಿ ನಡೆಯಬೇಕು.

ಸೊಸೆಯಾಗಿ ಮೊಳಕಾಲ್ಮೂರಿಗೆ ಬಂದ ಮೊದಲ ವಾರ ಆಚೆ ಬದಿಗೆ ನಿಂತವನು ಗಂಡ ಬೊಮ್ಮಲಿಂಗಪ್ಪ. ಅವನ ಮುಖವನ್ನು ಅವಳು ಹಗಲು ಬೆಳಕಿನಲ್ಲಿ ಸರಿಯಾಗಿ ನೋಡಿದ್ದು ಆ ಎಳೆಗಳ ಮೇಲಿನಿಂದಲೇ. ಅವನು ಬೇಕೆಂದೇ ಹೆಜ್ಜೆ ನಿಧಾನ ಮಾಡುತ್ತಿದ್ದ.

“ಬಿಸಿಲು ಬರ್ತೈತೆ, ಬೇಗ ನಡೀರಿ.”

“ಬೇಗ ನಡೆದ್ರೆ ಗೂಟ ಬಂದ್ಬಿಡ್ತೈತಲ್ಲ,” ಎಂದು ಅವನು ಕುಂಚ ಕೊಡವಿದ. ಒಂದು ಹನಿ ಅವಳ ಮೂಗಿನ ತುದಿಗೆ ಹಾರಿತು.

“ಅತ್ತೆ ನೋಡ್ತಾರ್ರೀ!”

“ನೋಡ್ಲಿ. ನಿನ್ನ ಸೊಸೆ ಮೂಗು ಸಡ್ಲ ಐತೆ, ಗಂಜಿ ಹಾಕ್ದೆ ಅಂತೀನಿ.”

ಆ ಮಾತಿಗೆ ಅವಳು ದಿನವಿಡೀ ಒಳಗೊಳಗೇ ನಕ್ಕಿದ್ದಳು.

ಎರಡು ವರ್ಷದ ಬಳಿಕ ಜರ್ಮನಿಯ ಯುದ್ಧಕ್ಕೆ ಆಳು ಬೇಕೆಂದು, ಹೇಸರಗತ್ತೆ ನೋಡಿಕೊಳ್ಳುವ ಕೆಲಸವೆಂದು ಹೇಳಿ ಅವನನ್ನು ಕಡಲಾಚೆಯ ಬಸ್ರಾಕ್ಕೆ ಕರೆದೊಯ್ದರು. ಯುದ್ಧ ಮುಗಿದ ಮರುವರ್ಷ ವಾಪಸು ಬಂದ. ಊರವರು ಮೈಮುಟ್ಟಿ ನೋಡಿ, “ಒಂದು ಗಾಯ ಇಲ್ಲ, ಪುಣ್ಯವಂತ” ಎಂದರು.

ಅವನು ಯಾರೊಂದಿಗೂ ಮಾತನಾಡಲಿಲ್ಲ. ನೆಟ್ಟಗೆ ಒಳಗೆ ಹೋಗಿ ಮಗ್ಗದ ಗುಂಡಿಗೆ ಇಳಿದ. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು. “ಮಗ್ಗ ಬಿಟ್ಟಿರಲಾರ ನನ್ಮಗ,” ಎಂದು ಅತ್ತೆ ರಂಗಕ್ಕ ಕೇರಿಗೆಲ್ಲ ಬೆಲ್ಲ ಹಂಚಿದಳು. ಸೂರಮ್ಮನೂ ಹಾಗೆಯೇ ನಂಬಿದಳು.

ಅವನು ನೇಯಲಿಲ್ಲ. ಮಂಡಿಯನ್ನು ಎದೆಗೆ ಒತ್ತಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ಕುಳಿತ. ಗುಂಡಿಯ ಅಂಚಿನಲ್ಲಿ ತಟ್ಟೆ ಇಟ್ಟರೆ ಉಣ್ಣುತ್ತಿದ್ದ. ಒಂದು ದಿನ ಉಪ್ಪು ಮರೆತಿದ್ದಳು. ಅವನಿಗೆ ಅದೂ ತಿಳಿಯಲಿಲ್ಲ. ಮೊದಮೊದಲು ಸೂರಮ್ಮನಿಗೆ ಅಳು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಕದಿರು ಹಿಡಿದು, ಗುಂಡಿಗೆ ಕಾಲು ಬಿಟ್ಟು, ಅವನ ಪಕ್ಕ ಉಣ್ಣೆ ನೂಲುತ್ತ ಕೂರುತ್ತಿದ್ದಳು. ಹಾಗೆ ಕುಳಿತರೆ ಅವನ ಉಸಿರು ನಿಧಾನವಾಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ಪಕ್ಕದ ಮನೆಯ ಇಮಾಂ ಬೀ, ಒನಕೆಯ ಸದ್ದಿಗೆ ಅವನು ನಡುಗುವುದನ್ನು ಒಮ್ಮೆ ಕಂಡವಳು, ಮಾರನೆಯ ದಿನದಿಂದ ಮೆಣಸಿನಕಾಯಿ ಕುಟ್ಟಲು ಆಚೆ ಕೇರಿಯ ತಂಗಿಯ ಮನೆಗೆ ಹೋಗತೊಡಗಿದಳು. ಏಕೆಂದು ಯಾರಿಗೂ ಹೇಳಲಿಲ್ಲ.

ಆರು ತಿಂಗಳಾದ ಮೇಲೆ ಚಳ್ಳಕೆರೆಯಿಂದ ಅಣ್ಣ ದೊಡ್ಡೀರಪ್ಪ ಗಾಡಿ ಕಟ್ಟಿಕೊಂಡು ಬಂದ. ವಾಪಸು ಹೋಗುವಾಗ ದಾರಿಗೆಂದು ಅತ್ತಿಗೆ ಇಬ್ಬರಿಗಾಗುವಷ್ಟು ಬುತ್ತಿ ಕಟ್ಟಿಕೊಟ್ಟಿದ್ದಳು.

“ನಡಿಯವ್ವ ಮನೆಗೆ. ನಮ್ಮಲ್ಲಿ ಕೂಡಿಕೆ ಮಾಡೋದು ಹೊಸದೇನಲ್ಲ. ಇನ್ನೊಂದು ಗಂಡು ನೋಡಿದೀನಿ. ಈತ ಇದ್ದೂ ಇಲ್ಲ.”

ಸೂರಮ್ಮ ಕದಿರು ತಿರುಗಿಸುತ್ತಲೇ ಇದ್ದಳು. ಇಲ್ಲ ಎನ್ನಲು ಅವಳ ಬಳಿ ಏನೂ ಇರಲಿಲ್ಲ. ನಾಳೆ ಬೆಳಿಗ್ಗೆ ಒಂದು ಹಾಸಿನ ಎಳೆಗಳಿಗೆ ಗಂಜಿ ಹಾಕಿ ಅತ್ತೆಗೆ ಒಪ್ಪಿಸಿ ಹೊರಡುತ್ತೇನೆ ಎಂದಳು.

ದೊಡ್ಡೀರಪ್ಪನೂ ನೇಯುವವನೇ. ಅರ್ಧಕ್ಕೆ ನಿಂತ ಕಂಬಳಿ ಕಂಡು ಅವನ ಕೈ ಸುಮ್ಮನಿರಲಿಲ್ಲ. “ಏನ್ ಭಾವ, ಮಗ್ಗಕ್ಕೆ ಜೇಡರಬಲೆ ಕಟ್ಟೈತಲ್ಲೋ,” ಎನ್ನುತ್ತ ಬಗ್ಗಿ, ನೇಯ್ಗೆ ಬಿಗಿ ಮಾಡುವ ಮರದ ಹಲಗೆಯನ್ನು ಧಡ್ ಎಂದು ಬಡಿದ.

ಮರುಕ್ಷಣ ಸೂರಮ್ಮ ಗುಂಡಿಯೊಳಗಿದ್ದಳು. ತೋಳು ಹಿಡಿದು ಎಳೆದದ್ದಷ್ಟೇ ಅವಳಿಗೆ ತಿಳಿಯಿತು. ಅವಳ ತಲೆಯನ್ನು ಎದೆಗೆ ಒತ್ತಿ, ಮಗ್ಗದ ಕಡೆಗೆ ಬೆನ್ನು ಮಾಡಿ ಅವನು ಅವಳ ಮೇಲೆ ಬಾಗಿದ್ದ.

“ತಲೆ ಎತ್ಬೇಡ. ಸೂರೀ, ತಲೆ ಎತ್ಬೇಡ.”

ಆರು ತಿಂಗಳಲ್ಲಿ ಅವನ ಮೊದಲ ಮಾತು ಅದು.

“ಅಯ್ಯಯ್ಯೋ, ಕೊಲ್ತಾನೆ! ಬಿಡೋ ಲೇ!” ಎಂದು ದೊಡ್ಡೀರಪ್ಪ ಕೂಗಿದ.

“ಅಣ್ಣ,” ಕೆಳಗಿನಿಂದ ಸೂರಮ್ಮನ ದನಿ ಬಂತು, “ಹಲಗೆ ಮೇಲಿಂದ ಕೈ ತೆಗಿ.”

ನಡುಕ ನಿಲ್ಲುವವರೆಗೆ ಅವಳು ತಲೆ ಎತ್ತಲಿಲ್ಲ. ಮೇಲೆ ಬಂದ ಮೇಲೆ ಅಣ್ಣ ಬೆವರು ಒರೆಸಿಕೊಳ್ಳುತ್ತ, “ಈಗಾದ್ರೂ ಗೊತ್ತಾತಾ?” ಎಂದ.

“ಗೊತ್ತಾತು. ಅವರು ತಮ್ಮ ತಲೆ ಮುಚ್ಕೊಳ್ಲಿಲ್ಲ ಅಣ್ಣ. ನನ್ನ ತಲೆ ಮುಚ್ಚಿದ್ರು.”

“ಅಷ್ಟೇ ಸಾಕಾ ನಿನಗೆ?”

“ಸಾಕೋ ಬೇಡ್ವೋ ಗೊತ್ತಿಲ್ಲ. ಅಷ್ಟಂತೂ ಐತೆ. ನಾನು ಬರಲ್ಲ.”

ಬೆಳಿಗ್ಗೆ ಅವಳು ಗಂಜಿ ಕುದಿಸಿ, ಬೀದಿಯಲ್ಲಿ ಹಾಸು ಬಿಗಿದಳು. ಆಚೆ ಬದಿಗೆ ಅಣ್ಣನೇ ಮುಖ ಊದಿಸಿಕೊಂಡು ಕುಂಚ ಹಿಡಿದು ನಿಂತ. ಅರ್ಧ ದೂರ ಬಂದಿರಬೇಕು, ಅವನು ತಟ್ಟನೆ ನಿಂತುಬಿಟ್ಟ. ಸೂರಮ್ಮ ತಿರುಗಿ ನೋಡಿದಳು. ಹೊಸ್ತಿಲಲ್ಲಿ ಬೊಮ್ಮಲಿಂಗಪ್ಪ ನಿಂತಿದ್ದ. ಹುಣಸೆಗಂಜಿಯ ವಾಸನೆ ಅವನನ್ನು ಅಲ್ಲಿಯವರೆಗೆ ಕರೆತಂದಿತ್ತೇನೋ.

ದೊಡ್ಡೀರಪ್ಪ ಕುಂಚವನ್ನು ಗಂಜಿಯ ಗಡಿಗೆಗೆ ಒರಗಿಸಿಟ್ಟ. ಗಾಡಿಯಿಂದ ಬುತ್ತಿಯ ಗಂಟು ತಂದು ಭಾವನ ಕೈಯಲ್ಲಿಟ್ಟು, ಗಾಡಿಗೆ ಎತ್ತು ಹೂಡಲು ಹೋದ.

ಬೊಮ್ಮಲಿಂಗಪ್ಪ ಗಂಟು ಹಿಡಿದುಕೊಂಡೇ ಬಂದು ಆಚೆ ಬದಿಗೆ ನಿಂತ. ಕುಂಚ ಮುಟ್ಟಲಿಲ್ಲ. ನಗಲಿಲ್ಲ. ಸೂರಮ್ಮ ಎರಡೂ ಬದಿಗೆ ಕೈ ಚಾಚಿ ಬಳಿಯುತ್ತ ಹೋದಳು. ಅವನು ಅವಳ ಹೆಜ್ಜೆಗೆ ಹೆಜ್ಜೆ ಇಡುತ್ತ ಬಂದ. ಗೂಟ ಸಿಕ್ಕಿತು. ಇಬ್ಬರೂ ನಿಂತರು.

ಅವನು ಗಂಟು ಬಿಚ್ಚಿದ. ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ಒಂದನ್ನು ಮಡಚಿ, ಹಸಿ ಎಳೆಗಳಿಗೆ ತಾಗದಂತೆ ಕೈ ಎತ್ತರಕ್ಕೆ ಹಿಡಿದು, ಅವಳತ್ತ ಚಾಚಿದ.